ಜರ್ಮನಿಗೆ ಹೊರಟವರೇ, ಸರ್ಟಿಫಿಕೇಶನ್‌ಗೆ ಮೊದಲು ಘಟಿಕೋತ್ಸವದ ಪ್ರಮಾಣಪತ್ರ

ಜರ್ಮನಿಯಲ್ಲಿ ಐಟಿ ಕೆಲಸ ಹುಡುಕುವ ನಮ್ಮವರ ಮೊದಲ ಖರ್ಚೇ ಸಾಮಾನ್ಯವಾಗಿ ತಪ್ಪು ಖರ್ಚು. ಆಫರ್ ಬರುವ ಮೊದಲೇ ಎಡಬ್ಲ್ಯುಎಸ್, ಅಝೂರ್, ಸ್ಕ್ರಮ್ ಎಂದು ಮೂರು ನಾಲ್ಕು ಸರ್ಟಿಫಿಕೇಟ್ ಗುಡ್ಡೆ ಹಾಕಿಕೊಂಡಿರುತ್ತಾರೆ. ಬಿಇ ಪ್ರಮಾಣಪತ್ರ ಮಾತ್ರ ಊರಿನ ಬೀರುವಿನಲ್ಲಿರುತ್ತದೆ. ಇಲ್ಲವೇ ಅದನ್ನು ಪಡೆದೇ ಇರುವುದಿಲ್ಲ, ಕೈಯಲ್ಲಿರುವುದು ಬರೀ ಪಿಡಿಸಿ, ಅಂದರೆ ತಾತ್ಕಾಲಿಕ (ಪ್ರೊವಿಷನಲ್) ಪದವಿ ಪ್ರಮಾಣಪತ್ರ.

ನಿಮ್ಮ ಕಾಗದ ನೋಡುವವರು ಇಬ್ಬರು: ಕೆಲಸ ಕೊಡುವ ಕಂಪನಿ ಮತ್ತು ವೀಸಾ ಕೊಡುವ ಅಧಿಕಾರಿ. ಸರ್ಟಿಫಿಕೇಶನ್‌ಗೆ ಬೆಲೆ ಇರುವುದು ಮೊದಲನೆಯವರ ಹತ್ತಿರ ಮಾತ್ರ. ಎರಡನೆಯವರಿಗೆ ಬೇಕಿರುವುದು ಪದವಿ, ಅದೂ ಜರ್ಮನ್ ಪದವಿಗೆ ಸಮ ಎನ್ನುವ ಪುರಾವೆಯ ಜೊತೆ. ಹತ್ತು ಕ್ಲೌಡ್ ಬ್ಯಾಡ್ಜ್ ಸೇರಿದರೂ ಅಲ್ಲಿ ಒಂದು ಮಾರ್ಕ್ಸ್ ಕಾರ್ಡಿಗೆ ಸಮನಾಗುವುದಿಲ್ಲ.

ಆ ಪುರಾವೆ ಸಿಗುವ ಜಾಗ ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್. ಉಚಿತ, ಆದರೆ ಜರ್ಮನ್ ಭಾಷೆಯಲ್ಲಿದೆ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಅದರಲ್ಲಿ ನೋಡಬೇಕಾದದ್ದು ಒಂದಲ್ಲ, ಎರಡು. ಮೊದಲನೆಯದು ಸಂಸ್ಥೆ. ವಿಟಿಯು ಅಧೀನದ ಕಾಲೇಜಿನಲ್ಲಿ ಓದಿದವರು ಕಾಲೇಜಿನ ಹೆಸರು ಹುಡುಕಿ, ಸಿಗಲಿಲ್ಲವೆಂದು ಗಾಬರಿಯಾಗುತ್ತಾರೆ. ಹುಡುಕಬೇಕಾದದ್ದು ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು, ಅಂದರೆ ಬೆಳಗಾವಿಯ ವಿಟಿಯುವನ್ನು. ಸ್ವಾಯತ್ತ ಕಾಲೇಜಾದರೂ ಇದೇ ಲೆಕ್ಕ: ಪ್ರಮಾಣಪತ್ರದ ತಲೆಯಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದನ್ನು ಹುಡುಕಿ. ಪಕ್ಕದಲ್ಲಿ ‘ಎಚ್ ಪ್ಲಸ್’ ಇದ್ದರೆ ಮಾನ್ಯತೆ ಇದೆ, ‘ಎಚ್ ಮೈನಸ್’ ಇದ್ದರೆ ಇಲ್ಲ. ಎರಡೂ ಚಿಹ್ನೆ ಇದ್ದರೆ ನಿಮ್ಮೊಬ್ಬರ ಪದವಿಯನ್ನೇ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

‘ಎಚ್ ಪ್ಲಸ್’ ಕಂಡ ಕೂಡಲೇ ಮುಗಿಯಿತು ಎಂದುಕೊಳ್ಳಬೇಡಿ. ಎರಡನೆಯದು ಪದವಿ. ನಾಲ್ಕು ವರ್ಷದ ಬಿಇ, ಮೂರು ವರ್ಷದ ಬಿಎಸ್‌ಸಿ, ಬಿಸಿಎ ಇವೆಲ್ಲ ಬೇರೆ ಬೇರೆ ನಮೂದುಗಳು. ನಿಮ್ಮ ಪದವಿಯ ಹೆಸರು, ಅವಧಿ ಎರಡೂ ತಾಳೆಯಾಗಬೇಕು. ಅದರ ಮುಂದೆ ‘ಎಂಟ್‌ಷ್ಪ್ರಿಶ್ಟ್’ ಅಥವಾ ‘ಗ್ಲೈಶ್‌ವೆರ್ಟಿಗ್’ ಎಂದಿದ್ದರೆ (ಎರಡರ ಅರ್ಥವೂ ಸಮ ಎಂದೇ) ಬ್ಲೂ ಕಾರ್ಡ್‌ಗೆ, ಅಂದರೆ ಮುಖ್ಯವಾಗಿ ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಗೆ, ನಡೆಯುತ್ತದೆ. ‘ಬೆಡಿಂಗ್ಟ್ ಫೆರ್‌ಗ್ಲೈಶ್‌ಬಾರ್’ ಎಂದಿದ್ದರೆ ನಡೆಯುವುದಿಲ್ಲ, ಅದು ಷರತ್ತಿನ ಹೋಲಿಕೆ ಮಾತ್ರ. ಎರಡೂ ಪುಟಗಳ ಪಿಡಿಎಫ್ ತೆಗೆದು ಅರ್ಜಿಗೆ ಲಗತ್ತಿಸಿ.

ಪಟ್ಟಿಯಲ್ಲಿ ಇಲ್ಲದಿದ್ದರೆ ಜೆಡ್‌ಎಬಿ ಎಂಬ ಕಚೇರಿಯಿಂದ ಪದವಿ ಮೌಲ್ಯಮಾಪನ ಪತ್ರ ತರಿಸಬೇಕು. ಶುಲ್ಕ 208 ಯೂರೊ, ಅರ್ಜಿ ಆನ್‌ಲೈನ್‌ನಲ್ಲಿ. ಸಾಧಾರಣವಾಗಿ ತಿಂಗಳುಗಳು ಹಿಡಿಯುತ್ತವೆ. ಕೆಲಸದ ಒಪ್ಪಂದ ಕೈಯಲ್ಲಿಟ್ಟುಕೊಂಡು ಬ್ಲೂ ಕಾರ್ಡ್‌ಗೆಂದು ಕೇಳುವವರಿಗೆ ಬೇಗ ಸಿಗುತ್ತದೆ. ಆದರೆ ದಿನಗಳ ಲೆಕ್ಕ ಶುರುವಾಗುವುದು ಎಲ್ಲ ದಾಖಲೆಯೂ ಶುಲ್ಕವೂ ತಲುಪಿದ ಮೇಲೆ. ಪಿಡಿಸಿ ಕೈಕೊಡುವುದು ಇಲ್ಲಿಯೇ. ಹೆಸರೇ ಹೇಳುವಂತೆ ಅದು ತಾತ್ಕಾಲಿಕ. ಅದನ್ನೇ ನಂಬಿ ಕೂತರೆ, ಮೂಲ ಪ್ರಮಾಣಪತ್ರ ಕೇಳಿದ ದಿನ ಬೆಳಗಾವಿಗೆ ಅರ್ಜಿ ಹಾಕಿ, ಊರಿನಿಂದ ಕೊರಿಯರ್ ಬರುವವರೆಗೆ ಕಾಯಬೇಕು. ಕಂಪನಿ ಅಷ್ಟು ದಿನ ಕಾಯುತ್ತದೆ ಎನ್ನುವ ಖಾತ್ರಿ ಇಲ್ಲ.

ಇನ್ನೊಂದು ನಮ್ಮದೇ ಕಡೆಯ ತೊಡಕು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ ಎಸ್’, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದ ಮೂರು ಪದ. ಜರ್ಮನ್ ಗುಮಾಸ್ತರಿಗೆ ಇವರಿಬ್ಬರೂ ಒಬ್ಬರೇ ಎಂದು ತಾನಾಗಿ ಹೊಳೆಯುವುದಿಲ್ಲ. ಇಬ್ಬರೂ ಒಬ್ಬರೇ ಎನ್ನುವ ನೋಟರಿ ಅಫಿಡವಿಟ್ ಒಂದನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಪದವಿಯೇ ಇಲ್ಲದವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. 2023ರ ನವೆಂಬರಿನಿಂದ, ಕಳೆದ 7 ವರ್ಷಗಳಲ್ಲಿ ಕನಿಷ್ಠ 3 ವರ್ಷ ಪದವಿ ಮಟ್ಟದ ಐಟಿ ಕೆಲಸ ಮಾಡಿದವರಿಗೂ ಬ್ಲೂ ಕಾರ್ಡ್ ಸಿಗುತ್ತದೆ. ಇವರಿಗೆ ಬೇಕಾದ ವಾರ್ಷಿಕ ಸಂಬಳ 2025ರಲ್ಲಿ 43,759.80 ಯೂರೊ ಇತ್ತು, ಪ್ರತಿ ಜನವರಿಗೆ ಬದಲಾಗುತ್ತದೆ. ಆದರೆ ಕೆಲಸ ಡೆವಲಪರ್, ಡೇಟಾಬೇಸ್, ನೆಟ್‌ವರ್ಕ್ ಪರಿಣತರ ಅಥವಾ ಐಟಿ ಮ್ಯಾನೇಜರರ ವರ್ಗದ್ದಾಗಿರಬೇಕು. ಹೆಲ್ಪ್‌ಡೆಸ್ಕ್, ಯೂಸರ್ ಸಪೋರ್ಟ್ ಬೇರೆ ವರ್ಗ, ಅದಕ್ಕೆ ಇದು ಅನ್ವಯಿಸುವುದಿಲ್ಲ. ಇಲ್ಲಿಯೂ ಸಾಕ್ಷಿ ಸರ್ಟಿಫಿಕೇಶನ್ ಅಲ್ಲ, ಅನುಭವ ಪತ್ರ. ಬೆಂಗಳೂರಿನ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಇಷ್ಟೇ ಇರುತ್ತದೆ. ಯಾವ ಸಿಸ್ಟಮ್, ಯಾವ ಭಾಷೆ, ಏನು ಹೊಣೆ ಎಂದು ಬಿಡಿಸಿ ಬರೆದ ಪತ್ರವನ್ನು ಕೆಲಸ ಬಿಡುವ ಮುಂಚೆಯೇ ಮ್ಯಾನೇಜರ್ ಸಹಿಯೊಂದಿಗೆ ಪಡೆಯಿರಿ. ಬಿಟ್ಟ ಮೇಲೆ ಎಚ್‌ಆರ್ ಫೋನ್ ಎತ್ತುವುದಿಲ್ಲ.

ಪಾಲಿಟೆಕ್ನಿಕ್ ಡಿಪ್ಲೊಮಾ ಅಲ್ಲಿ ವಿಶ್ವವಿದ್ಯಾಲಯದ ಪದವಿಯಲ್ಲ, ಅದನ್ನು ಜೆಡ್‌ಎಬಿಗೆ ಪದವಿಯೆಂದು ಕಳಿಸಿ ಹಣ ಕಳೆದುಕೊಳ್ಳಬೇಡಿ. ಹೆಚ್ಚಿನ ತಾಂತ್ರಿಕ ವೃತ್ತಿಗಳಿಗೆ ನ್ಯೂರೆಂಬರ್ಗಿನ ಐಎಚ್‌ಕೆ ಫೋಸಾ ಎಂಬ ಕಚೇರಿ ಅದನ್ನು ಅಲ್ಲಿನ ವೃತ್ತಿ ತರಬೇತಿಗೆ ಹೋಲಿಸಿ ನೋಡುತ್ತದೆ. ಅಂದಹಾಗೆ ಆ ದೇಶದ ಅರ್ಹತಾ ಚೌಕಟ್ಟಿನಲ್ಲಿ ಕಸುಬಿನ ‘ಮೈಸ್ಟರ್’ ಮತ್ತು ಬ್ಯಾಚುಲರ್ ಪದವಿ ಎರಡೂ 6ನೇ ಹಂತದಲ್ಲೇ ಇವೆ. ನಮ್ಮಲ್ಲಿ ಮೇಸ್ತ್ರಿಯನ್ನು ಬಿಇ ಆದವರ ಪಕ್ಕ ಕೂರಿಸುವ ಧೈರ್ಯ ಯಾವ ಸರ್ಕಾರಕ್ಕಿದೆ? ಈ ಒಂದು ವಿಷಯದಲ್ಲಿ ಅವರದ್ದೇ ಮೇಲು. ಕಾಗದದ ಹುಚ್ಚಿನಲ್ಲಿ ಮಾತ್ರ ನಮ್ಮ ತಾಲ್ಲೂಕು ಕಚೇರಿಯೇ ವಾಸಿ.

ಹಾಗಾದರೆ ಸರ್ಟಿಫಿಕೇಶನ್ ದಂಡವೇ? ಅಲ್ಲ. ಎಸ್‌ಎಪಿ (ಕಂಪನಿಗಳ ವ್ಯವಹಾರ ನಡೆಸುವ ಸಾಫ್ಟ್‌ವೇರ್) ಸಲಹೆಗಾರರ ಸರ್ಟಿಫಿಕೇಟಿಗೆ, ಟೆಸ್ಟಿಂಗ್‌ನಲ್ಲಿ ಐಎಸ್‌ಟಿಕ್ಯೂಬಿಗೆ, ನೆಟ್‌ವರ್ಕ್ ಕೆಲಸಕ್ಕೆ ಸಿಸಿಎನ್‌ಎಗೆ ಸಂದರ್ಶನದಲ್ಲಿ ತೂಕವಿದೆ. ಆದರೆ ಸಿಸಿಎನ್‌ಎ, ಎಡಬ್ಲ್ಯುಎಸ್ ಎರಡೂ 3 ವರ್ಷಕ್ಕೆ ಮುಗಿಯುತ್ತವೆ. ಬೇಗ ಬರೆದು ಬೀಗಿದರೆ ಜರ್ಮನಿ ತಲುಪುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿರುತ್ತದೆ. ಇನ್ನು ರೆಸ್ಯೂಮಿನಲ್ಲಿ ಜರ್ಮನ್ ಭಾಷೆಯ ‘ಇಂಜೆನಿಯೊರ್’ (ಎಂಜಿನಿಯರ್) ಬಿರುದು ಹಾಕುವ ಮುನ್ನ ಯೋಚಿಸಿ. ಅದು ರಾಜ್ಯ ಕಾನೂನುಗಳ ರಕ್ಷಣೆಯಲ್ಲಿರುವ ಬಿರುದು, ವಿದೇಶಿ ಪದವೀಧರರು ಸಂಬಂಧಪಟ್ಟ ರಾಜ್ಯದ ಅನುಮತಿ ಪಡೆಯಬೇಕು.

ಅಲ್ಲಿ ಕೆಲಸ ಕಳೆದುಕೊಂಡವರಿಗೆ ಉದ್ಯೋಗ ಕಚೇರಿಯ ‘ಬಿಲ್ಡುಂಗ್ಸ್‌ಗುಟ್‌ಶೈನ್’ ಎಂಬ ತರಬೇತಿ ವೋಚರ್ ಸಿಕ್ಕರೆ ಮಾನ್ಯತೆ ಪಡೆದ ಸಂಸ್ಥೆಯ ಕೋರ್ಸಿನ ಪೂರ್ತಿ ಹಣ ಸರ್ಕಾರವೇ ಕಟ್ಟುತ್ತದೆ. ಅದು ಹಕ್ಕಿನಂತೆ ತಾನಾಗಿ ಬರುವುದಿಲ್ಲ, ಅಧಿಕಾರಿಗೆ ಮನವರಿಕೆಯಾಗಬೇಕು. ಕೋರ್ಸಿಗೆ ಸೇರುವ ಮೊದಲೇ ಅದು ಕೈಯಲ್ಲಿರಬೇಕು. ಮೊದಲು ಸೇರಿ ಆಮೇಲೆ ಕೇಳಿದರೆ ಕಟ್ಟಿದ ಹಣ ವಾಪಸ್ ಸಿಗುವುದಿಲ್ಲ.