ಲಿನಕ್ಸ್ ಕರ್ನಲ್‌ಗೆ ಮೊದಲ ಪ್ಯಾಚ್ ಕಳುಹಿಸುವ ಬಗೆ

ಪುಣೆಯ ಹಿಂಜೆವಾಡಿ, ಖರಾಡಿ ಭಾಗಗಳ ಕಂಪನಿಗಳಲ್ಲಿರುವ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ ಕಡೆಯ ನಮ್ಮ ಎಂಜಿನಿಯರುಗಳಲ್ಲಿ ಅನೇಕರು ದಿನವಿಡೀ ಲಿನಕ್ಸ್ ಮೇಲೆಯೇ ಕೆಲಸ ಮಾಡುತ್ತಿದ್ದರೂ, ಅದರ ತಿರುಳಾದ ಕರ್ನಲ್‌ನಲ್ಲಿ ಕಂಡ ದೋಷವನ್ನು ತಿದ್ದಿ ಮೂಲ ಯೋಜನೆಗೆ ಕಳುಹಿಸಲು ಹಿಂಜರಿಯುತ್ತಾರೆ. ಕಳುಹಿಸುವ ಕ್ರಮ ಗೊತ್ತಿರದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಭಾವನೆ. ಪ್ಯಾಚನ್ನು, ಅಂದರೆ ಕೋಡಿನಲ್ಲಿ ಮಾಡಿದ ಬದಲಾವಣೆಯ ಫೈಲನ್ನು, ಪರಿಶೀಲಿಸುವ ಮೇಂಟೇನರ್ (ಆ ಭಾಗದ ಕೋಡಿನ ಹೊಣೆ ಹೊತ್ತವರು) ಏನನ್ನೂ ಊಹಿಸಿಕೊಳ್ಳಬೇಕಾದ ಸ್ಥಿತಿ ಬರಬಾರದು. ಕ್ರಮದ ಎಲ್ಲ ನಿಯಮಗಳೂ ಈ ಒಂದು ಉದ್ದೇಶಕ್ಕಾಗಿಯೇ ಇವೆ.

ಕೋಡ್ ಮುಟ್ಟುವ ಮೊದಲು ನಿಮ್ಮ ನೇಮಕಾತಿ ಒಪ್ಪಂದವನ್ನು ಓದಿ. ನೌಕರರು ಬರೆದ ಕೋಡಿನ ಹಕ್ಕು ಕಂಪನಿಯದೇ ಎಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಪ್ಯಾಚಿನಲ್ಲಿ ನಿಮ್ಮ ಹೆಸರಿನೊಡನೆ ಹಾಕುವ 'ಸೈನ್ಡ್-ಆಫ್-ಬೈ' ಸಾಲು, 2004ರಲ್ಲಿ ಜಾರಿಗೆ ಬಂದ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್ ಪ್ರಕಾರ, ಈ ಕೋಡನ್ನು ಮುಕ್ತ ಪರವಾನಗಿಯಡಿ ಕೊಡುವ ಹಕ್ಕು ನಿಮಗಿದೆ ಎಂಬ ಘೋಷಣೆಯಾಗಿರುವುದರಿಂದ, ಸಂದೇಹವಿದ್ದರೆ ಮ್ಯಾನೇಜರ್‌ರಿಂದ ಲಿಖಿತ ಅನುಮತಿ ಪಡೆಯುವುದೇ ಸರಿ.

ಒಂದು ಉದಾಹರಣೆಯನ್ನು ನೋಡೋಣ. ಯಾವುದೋ ಡ್ರೈವರಿನ ಪ್ರೋಬ್ ಫಂಕ್ಷನ್ (ಸಾಧನವನ್ನು ಬಳಕೆಗೆ ಸಿದ್ಧಪಡಿಸುವ ಭಾಗ) ಮೊದಲು ಮೆಮೊರಿ ಪಡೆಯುತ್ತದೆ. ನಂತರ ಇಂಟರಪ್ಟ್ (ಸಾಧನವು ಪ್ರೊಸೆಸರಿಗೆ ಕಳುಹಿಸುವ ಸಂಕೇತ) ನೋಂದಣಿ ವಿಫಲವಾದರೆ, ಆ ಮೆಮೊರಿಯನ್ನು ಬಿಡುಗಡೆ ಮಾಡದೆಯೇ ರಿಟರ್ನ್ ಆಗುತ್ತದೆ. ನೇರವಾಗಿ ರಿಟರ್ನ್ ಆಗುವ ಬದಲು, ಮೆಮೊರಿ ಬಿಡುಗಡೆ ಮಾಡುವ ಕೆಫ್ರೀಯನ್ನು ಕರೆಯುವ ಲೇಬಲ್‌ಗೆ ಗೋಟೂ ಮೂಲಕ ಹೋಗುವಂತೆ ಮಾಡಿದರೆ ದೋಷ ಸರಿಹೋಗುತ್ತದೆ. ಅದೇ ಫೈಲಿನಲ್ಲಿ ಅಡ್ಡಾದಿಡ್ಡಿ ಇಂಡೆಂಟೇಶನ್ ಕಂಡರೂ ಇದೇ ಪ್ಯಾಚಿನಲ್ಲಿ ಸೇರಿಸಬೇಡಿ. ಒಂದು ಪ್ಯಾಚಿಗೆ ಒಂದೇ ಕೆಲಸ.

ನನ್ನ ದೃಷ್ಟಿಯಲ್ಲಿ ಕೋಡಿಗಿಂತ ಹೆಚ್ಚು ಶ್ರಮ ಬೇಡುವುದು ಕಮಿಟ್ ಸಂದೇಶ, ಅಂದರೆ ದಾಖಲಿಸುವ ಬದಲಾವಣೆಗೆ (ಕಮಿಟ್‌ಗೆ) ಬರೆಯುವ ವಿವರಣೆ. 'ಬಗ್ ಸರಿಪಡಿಸಲಾಗಿದೆ' ಎಂಬ ಶೀರ್ಷಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಉಪವ್ಯವಸ್ಥೆಯ ಹೆಸರು, ಡ್ರೈವರಿನ ಹೆಸರು, ನಂತರ 'ಪ್ರೋಬ್ ವಿಫಲವಾದಾಗಿನ ಮೆಮೊರಿ ಸೋರಿಕೆಯನ್ನು ಸರಿಪಡಿಸು' ಎಂಬ ಅರ್ಥದ ಇಂಗ್ಲಿಷ್ ಶೀರ್ಷಿಕೆ ಇರಲಿ. ಕೆಳಗಿನ ವಿವರಣೆಯಲ್ಲಿ ದೋಷ ಯಾವ ಸಂದರ್ಭದಲ್ಲಿ ತಲೆದೋರುತ್ತದೆ, ಅದರಿಂದ ಏನಾಗುತ್ತದೆ, ಈ ಪರಿಹಾರವನ್ನೇ ಏಕೆ ಆರಿಸಿದಿರಿ ಎಂಬುದನ್ನು ಸಾಲಿಗೆ 75 ಅಕ್ಷರ ಮೀರದಂತೆ ಬರೆದು, ದೋಷವನ್ನು ತಂದ ಹಳೆಯ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನೂ ಅದರ ಶೀರ್ಷಿಕೆಯನ್ನೂ 'ಫಿಕ್ಸಸ್' ಸಾಲಿನಲ್ಲಿ ಕೊಡಿ. ಇಂಗ್ಲಿಷಿನಲ್ಲಿ ಬರೆಯುವ ಮೊದಲು ಇದನ್ನೆಲ್ಲ ಜೊತೆಯ ಕನ್ನಡದ ಗೆಳೆಯರೊಬ್ಬರಿಗೆ ಬಾಯಲ್ಲಿ ಹೇಳಿ ನೋಡಿ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ವಿವರಣೆ ಸಾಲದು ಎಂದರ್ಥ.

ಬದಲಾಯಿಸಿದ ಕೋಡನ್ನು ಕಂಪೈಲ್ ಮಾಡಿ, ಸಾಧ್ಯವಾದರೆ ಹಾರ್ಡ್‌ವೇರ್ ಮೇಲೆ ಓಡಿಸಿದ ಬಳಿಕ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶದ ಫಾರ್ಮ್ಯಾಟ್-ಪ್ಯಾಚ್ ಆಜ್ಞೆಯಿಂದ ಪ್ಯಾಚ್ ಫೈಲ್ ತಯಾರಿಸಿ. ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ ಚೆಕ್‌ಪ್ಯಾಚ್ ಶೈಲಿಯ ತಪ್ಪುಗಳನ್ನು ತೋರಿಸುತ್ತದೆ. ಅಲ್ಲಿಯೇ ಇರುವ ಗೆಟ್-ಮೇಂಟೇನರ್ ಯಾರಿಗೆ ಕಳುಹಿಸಬೇಕೆಂದು ತಿಳಿಸುತ್ತದೆ. ಕಳುಹಿಸಲು ಗಿಟ್ ಸೆಂಡ್-ಇಮೇಲ್ ಬಳಸಿ. ಸಾಮಾನ್ಯ ಮೇಲ್ ತಂತ್ರಾಂಶಗಳು ಟ್ಯಾಬ್‌ಗಳನ್ನು ಸ್ಪೇಸ್‌ಗಳಾಗಿಸಿ ಪ್ಯಾಚನ್ನು ಕೆಡಿಸುವುದುಂಟು; ಕಂಪನಿಯ ಸರ್ವರ್ ತಾನಾಗಿ ಅಂಟಿಸುವ ಗೋಪ್ಯತೆಯ ಅಡಿಟಿಪ್ಪಣಿಯಂತೂ ಸಾರ್ವಜನಿಕ ಕೋಡಿಗೆ ಒಪ್ಪುವಂಥದ್ದೇ ಅಲ್ಲ. ಮೊದಲು ನಿಮ್ಮದೇ ವಿಳಾಸಕ್ಕೆ ಕಳುಹಿಸಿಕೊಂಡು, ಬಂದ ಇಮೇಲನ್ನು ಗಿಟ್ ಎಎಂ ಮೂಲಕ ಅಳವಡಿಸಿ ನೋಡಿದರೆ ಇಂಥ ತೊಂದರೆ ಅಲ್ಲೇ ಗೊತ್ತಾಗುತ್ತದೆ.

ಕಳುಹಿಸಿದ ಮೇಲೆ ಕನಿಷ್ಠ ಒಂದು ವಾರ ಕಾಯಿರಿ. ಪ್ರತಿ ಬಿಡುಗಡೆಯ ನಂತರ ಸುಮಾರು ಎರಡು ವಾರ ನಡೆಯುವ ಮರ್ಜ್ ವಿಂಡೋ (ಹೊಸ ಬದಲಾವಣೆಗಳನ್ನು ಮುಖ್ಯ ಕರ್ನಲ್‌ಗೆ ಸೇರಿಸಿಕೊಳ್ಳುವ ಅವಧಿ) ಕಾಲದಲ್ಲಿ ಮೇಂಟೇನರ್‌ಗಳಿಗೆ ಬಿಡುವಿರುವುದಿಲ್ಲವಾದ್ದರಿಂದ ಆಗ ಇನ್ನೂ ತಾಳ್ಮೆ ಬೇಕು. ಟೀಕೆ ಬಂದರೆ ಅದು ಕೋಡಿನ ಬಗೆಗಿನ ಮಾತೆಂದು ತಿಳಿದು, ಪ್ರತಿ ಪ್ರಶ್ನೆಯ ಕೆಳಗೇ ಉತ್ತರ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಡಿ. ತಿದ್ದಿದ ಪ್ಯಾಚಿನ ಶೀರ್ಷಿಕೆಯಲ್ಲಿ 'ವಿ2' ಎಂದು ನಮೂದಿಸಿ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನು ಪ್ಯಾಚ್ ಫೈಲಿನಲ್ಲಿ ಕಮಿಟ್ ಸಂದೇಶದ ಕೊನೆಗಿರುವ ಮೂರು ಅಡ್ಡಗೆರೆಗಳ (---) ಕೆಳಗೆ ಬರೆಯಬೇಕು. ಅಲ್ಲಿ ಬರೆದದ್ದು ಪರಿಶೀಲಕರಿಗೆ ಕಾಣುತ್ತದೆ, ಆದರೆ ಪ್ಯಾಚ್ ಸ್ವೀಕೃತವಾದಾಗ ಕರ್ನಲ್‌ನ ಶಾಶ್ವತ ಇತಿಹಾಸದಲ್ಲಿ ಉಳಿಯುವುದಿಲ್ಲ.