ಅಪರೂಪದ ಬೋನ್ಸಾಯ್ ಗಿಡಗಳನ್ನು ಎಲ್ಲಿ ಹುಡುಕಬೇಕು

ಬೋನ್ಸಾಯ್, ಅಂದರೆ ಕುಂಡದಲ್ಲಿ ಮರವನ್ನು ಪುಟ್ಟದಾಗಿ ಬೆಳೆಸುವ ಕಲೆ, ಹಚ್ಚಿಕೊಂಡವರು ಮೊದಮೊದಲು ಸಿಕ್ಕಿದ್ದನ್ನೇ ಬೆಳೆಸುತ್ತಾರೆ. ಜೇಡ್, ಫೈಕಸ್, ಬೋಗನ್‌ವಿಲ್ಲಾ. ಆಮೇಲೆ ಥಾಯ್ಲೆಂಡ್, ಇಂಡೊನೇಷ್ಯಾದವರು ಮಾಡಿದ ಮರಗಳ ಫೋಟೊ ನೋಡಿ ಪ್ರೆಮ್ನಾ ಬೇಕು, ಸ್ಟ್ರೆಬ್ಲಸ್ ಬೇಕು, ರೈಟಿಯಾ ಬೇಕು ಅಂತ ಹಂಬಲ ಶುರುವಾಗುತ್ತದೆ. ಬೆಂಗಳೂರಿನ ನರ್ಸರಿಗಳಲ್ಲಿ ಕೇಳಿದರೆ ಆ ಹೆಸರೇ ಗೊತ್ತಿಲ್ಲ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಪೆನ್ಸಿಲ್ ದಪ್ಪದ ಸಸಿಗೆ ಬಾಯಿಗೆ ಬಂದ ರೇಟು.

ನಾನು ಕಂಡುಕೊಂಡ ದಾರಿ ಬೇರೆ. ಬೋನ್ಸಾಯ್ ಅಂಗಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ನಾವು ಅಪರೂಪ ಅಂದುಕೊಂಡ ಗಿಡ ಇನ್ನೊಬ್ಬರಿಗೆ ಔಷಧಿ, ಮತ್ತೊಬ್ಬರಿಗೆ ಬೇಲಿ, ಮಗದೊಬ್ಬರಿಗೆ ಬರೀ ಸೌದೆ. ಅವರ ಹತ್ತಿರ ಹೋಗಬೇಕು.

ಪ್ರೆಮ್ನಾವನ್ನೇ ತೆಗೆದುಕೊಳ್ಳಿ. ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಕಡೆಯವರು ತಲೆಮೇಲಿಟ್ಟುಕೊಂಡು ಮೆರೆಸುವ ಪ್ರೆಮ್ನಾ ಸೆರಾಟಿಫೋಲಿಯಾ ನಮ್ಮ ಅಗ್ನಿಮಂಥವೇ. ಬಿಲ್ವ, ಶಿವನಿ ಇರುವ ದಶಮೂಲದಲ್ಲಿ, ಅಂದರೆ ಆಯುರ್ವೇದದ ಹತ್ತು ಬೇರುಗಳ ಔಷಧಿಯಲ್ಲಿ, ಇದೂ ಒಂದು. ಕರಾವಳಿಯಲ್ಲಿ ಹಿನ್ನೀರಿನ ಅಂಚಿಗೆ ತಾನಾಗಿ ಬೆಳೆಯುತ್ತದೆ. ಹಾಗಾಗಿ ಇದನ್ನು ಕೇಳಬೇಕಾದ್ದು ಔಷಧಿ ಸಸ್ಯಗಳ ನರ್ಸರಿಯಲ್ಲಿ. ಯಲಹಂಕದ ಹತ್ತಿರ ಎಫ್‌ಆರ್‌ಎಲ್‌ಎಚ್‌ಟಿ ಅನ್ನುವ ಔಷಧಿ ಸಸ್ಯಗಳ ಸಂಸ್ಥೆ ಬೆಳೆಸಿರುವ ಔಷಧಿ ವನ ಬೋನ್ಸಾಯ್‌ನವರು ಒಮ್ಮೆ ನಿಧಾನವಾಗಿ ಸುತ್ತಬೇಕಾದ ಜಾಗ. ಆಯುರ್ವೇದ ಕಾಲೇಜುಗಳ ತೋಟಗಳಲ್ಲೂ ವಿಚಾರಿಸಿ. ಅಲ್ಲಿ ಯಾರೂ ಬೋನ್ಸಾಯ್ ರೇಟು ಹೇಳುವುದಿಲ್ಲ.

ಆದರೆ ಒಂದು ಎಚ್ಚರ. ಅಗ್ನಿಮಂಥ ಅಂತ ಬೋರ್ಡು ಹಾಕಿದ್ದೆಲ್ಲ ಪ್ರೆಮ್ನಾ ಅಲ್ಲ. ಕೆಲವು ಕಡೆ ಅದೇ ಹೆಸರಲ್ಲಿ ಕ್ಲೆರೊಡೆಂಡ್ರಮ್ ಫ್ಲೋಮಿಡಿಸ್ ಬಳಸುತ್ತಾರೆ. ಬಿಡಿಸಿ ನೋಡುವುದು ಸುಲಭ. ಕ್ಲೆರೊಡೆಂಡ್ರಮ್‌ನ ಎಲೆ, ಎಳೆ ಟೊಂಗೆಗಳ ಮೇಲೆ ಬೂದುಬಣ್ಣದ ಮೆತ್ತನೆಯ ರೋಮ, ಹೂವಿಗೆ ಉದ್ದ ಕೊಳವೆ. ಪ್ರೆಮ್ನಾ ಹೂವು ತೀರಾ ಚಿಕ್ಕದು, ಹಸಿರು ಬೆರೆತ ಬಿಳಿ, ಟೊಂಗೆಯ ತುದಿಯಲ್ಲಿ ಚಪ್ಪಟೆ ಗೊಂಚಲು. ಎಲೆ ಜೋಡಿಜೋಡಿಯಾಗಿ ಎದುರುಬದುರು ಇರುತ್ತದೆ, ಹಿಸುಕಿದರೆ ಗಾಢ ವಾಸನೆ ಬೆರಳಿಗೆ ಅಂಟಿಕೊಳ್ಳುತ್ತದೆ. ಸಸಿಯ ಎಲೆ ದೊಡ್ಡದಾಗಿ ಕಂಡರೆ ನಿರಾಶೆ ಬೇಡ, ಟೊಂಗೆ ಸವರುತ್ತಾ ಹೋದಂತೆ ಚಿಕ್ಕದಾಗುತ್ತದೆ.

ಹುಡುಕುವ ಮೊದಲು ಪ್ರತಿ ಗಿಡಕ್ಕೂ ಒಂದು ಚೀಟಿ ಬರೆದಿಟ್ಟುಕೊಳ್ಳಿ: ಈಗಿನ ಶಾಸ್ತ್ರೀಯ ಹೆಸರು, ಹಳೆಯ ಶಾಸ್ತ್ರೀಯ ಹೆಸರುಗಳು, ಕನ್ನಡ ಹೆಸರು, ತಮಿಳು ಅಥವಾ ತೆಲುಗು ಹೆಸರು. ಇದು ಪಂಡಿತರ ಕೆಲಸ ಅಲ್ಲ, ಅರ್ಧ ಗಂಟೆಯ ಕೆಲಸ. ನರ್ಸರಿಗಳ ಪಟ್ಟಿಗಳಲ್ಲಿ ಹಳೆಯ ಹೆಸರುಗಳೇ ಉಳಿದಿರುತ್ತವೆ. ಪ್ರೆಮ್ನಾ ಸೆರಾಟಿಫೋಲಿಯಾ ಇನ್ನೂ ಇಂಟೆಗ್ರಿಫೋಲಿಯಾ ಅಂತಲೇ ಇರುತ್ತದೆ. ಬ್ರೆಜಿಲ್ ರೈನ್‌ಟ್ರೀಗೆ ಈಗ ಕ್ಲೋರೊಲ್ಯೂಕಾನ್ ಅಂತ ಹೆಸರಾದರೂ ಪಿತೆಸೆಲೋಬಿಯಂ ಟಾರ್ಟಮ್ ಅಂದರೇ ಹಳಬರಿಗೆ ತಿಳಿಯುವುದು. ಫುಕಿಯನ್ ಟೀ ಗಿಡ ಕಾರ್ಮೋನಾ, ಎರೆಶಿಯಾ ಎರಡು ಹೆಸರಲ್ಲೂ ಓಡಾಡುತ್ತದೆ. ಐಐಎಸ್‌ಸಿಯವರ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕದಲ್ಲಿ ಗಿಡ ರಾಜ್ಯದ ಯಾವ ಭಾಗದಲ್ಲಿ ಸಿಗುತ್ತದೆ ಅಂತ ನೋಡಬಹುದು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಫೋಟೊಗಳೂ ಇವೆ. ಆ ಕಡೆ ನೆಂಟರು, ಸ್ನೇಹಿತರು ಇದ್ದಾರೆಯೇ ಅಂತ ಆಗಲೇ ಯೋಚಿಸಿ. ನರ್ಸರಿಯವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಎಲೆ, ಹೂವು, ತೊಗಟೆ ಮೂರರ ಫೋಟೊ ಫೋನಿನಲ್ಲಿ ತೋರಿಸುವುದು ಒಳ್ಳೆಯದು.

ಸ್ಟ್ರೆಬ್ಲಸ್ ಆಸ್ಪರ್ ಕಥೆಯೂ ಇದೇ. ಥಾಯ್ಲೆಂಡ್, ವಿಯೆಟ್ನಾಂ ಕಡೆ ಅದರ ಹಳೆಯ ಬೊಡ್ಡೆಗೆ ದೊಡ್ಡ ಮರ್ಯಾದೆ. ನಮ್ಮಲ್ಲಿ ಮಿಟ್ಲಿ ಅಂತ ಹೊಲದ ಬದುವಿನಲ್ಲಿ ನಿಂತಿರುತ್ತದೆ, ಮೇಕೆ ಮೇಯ್ದು ಮೇಯ್ದು ಯಾರೂ ಕೈಯಾರೆ ಮಾಡಲಾಗದಷ್ಟು ಒತ್ತಾದ ಟೊಂಗೆ ಕಟ್ಟಿಕೊಂಡಿರುತ್ತದೆ. ಎಲೆ ಮುಟ್ಟಿದರೆ ಮರಳು ಕಾಗದದಂತೆ ಒರಟು, ಮುರಿದರೆ ಹಾಲು. ಕವಳೆ, ಸೀಮೆಹುಣಸೆ, ಬಂದರಿಕೆಯೂ ಇಂಥ ಬೇಲಿ ಗಿಡಗಳೇ. ಬದು ಯಾರದ್ದೋ ಅವರನ್ನು ಕೇಳಿ, ಒಪ್ಪಿದರೆ ಮಳೆಗಾಲ ಹಿಡಿದ ಮೇಲೆ ತೆಗೆಯಿರಿ.

ಕಾಡಿಗೆ ಮಾತ್ರ ಕೈ ಹಾಕಬೇಡಿ. ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾನೂನು ಒತ್ತಟ್ಟಿಗಿರಲಿ, ಬಂಡೆಸಂದಿಯಲ್ಲಿ ನೂರು ವರ್ಷ ಬಾಳಿದ ಗಿಡವನ್ನು ಹಾರೆ ಹಾಕಿ ಎಬ್ಬಿಸಿದರೆ ಬದುಕುವುದಕ್ಕಿಂತ ಸಾಯುವುದೇ ಹೆಚ್ಚು. ಕಡಲಂಚಿನಲ್ಲಿ ಬೆಳೆಯುವ ಪೆಂಫಿಸ್ ಅನ್ನುವ ಗಿಡದ ವಿಷಯದಲ್ಲಂತೂ ನಾನು ಖಂಡಿತವಾದಿ. ಲಕ್ಷದ್ವೀಪದಿಂದಲೋ ಅಂಡಮಾನ್‌ನಿಂದಲೋ ಕಿತ್ತು ತಂದ ಗಿಡ ಯಾರೇ ತೋರಿಸಲಿ, ಎಷ್ಟೇ ಚಂದವಿರಲಿ, ಕೊಳ್ಳಬೇಡಿ. ಕೊಳ್ಳುವವರು ಇರುವವರೆಗೆ ಕೀಳುವವರು ಇರುತ್ತಾರೆ.

ಅರಣ್ಯ ಇಲಾಖೆಯ ನರ್ಸರಿಗಳಿಗೆ ಮಳೆಗಾಲದ ಶುರುವಿನಲ್ಲಿ ಹೋಗಿ. ಅತ್ತಿ, ಬಸರಿ, ಆಲ, ಹುಣಸೆ ಸಸಿ ಕಡಿಮೆ ದರಕ್ಕೆ ಸಿಗುತ್ತವೆ. ನೂರಾರು ಸಸಿಗಳ ಸಾಲಿನಲ್ಲಿ ಇಲಾಖೆಯವರಿಗೆ ಬೇಡವಾದ್ದು ನಮಗೆ ಬೇಕಾಗಿರುತ್ತದೆ. ಸೊಟ್ಟಗೆ ಬೆಳೆದದ್ದು, ಬುಡದಲ್ಲೇ ಕವಲೊಡೆದದ್ದು, ಉಳಿದವಕ್ಕಿಂತ ಎಲೆ ಚಿಕ್ಕದಿರುವುದು. ಬೀಜದ ಸಸಿಗಳಲ್ಲಿ ಒಂದರಂತೆ ಒಂದು ಇರುವುದಿಲ್ಲ, ಅದೇ ನಮ್ಮ ಲಾಭ.

ಖಾಸಗಿ ನರ್ಸರಿಗಳಲ್ಲಿ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ಸಾಲು ನನಗೆ ಇಷ್ಟ. ಮುಂದೆ ಜೋಡಿಸಿಟ್ಟ ಹೂವಿನ ಕುಂಡಗಳನ್ನು ದಾಟಿ ಹಿಂದಕ್ಕೆ ಹೋಗಿ. 'ಅಣ್ಣಾ, ಮಾರಾಟ ಆಗದೆ ಉಳಿದ ಹಳೇ ಗಿಡ ಏನಾದ್ರೂ ಇದ್ಯಾ? ಒಣಗಿದ್ರೂ ಪರವಾಗಿಲ್ಲ' ಅಂದರೆ ಗೋಡೆ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ. ಚೀಲ ಹರಿದು ಬೇರು ನೆಲಕ್ಕಿಳಿದ ಗಿಡಗಳು ಅಲ್ಲಿರುತ್ತವೆ. ನೆಲ ಹಿಡಿದದ್ದರಿಂದಲೇ ಬುಡ ದಪ್ಪವಾಗಿರುತ್ತದೆ. ಎಲೆ ನೋಡಿ ಮರುಳಾಗದೆ ಮೊಣಕಾಲೂರಿ ಕೂತು, ಬುಡದ ಮಣ್ಣನ್ನು ಬೆರಳಿನಿಂದ ಎರಡು ಅಂಗುಲ ಕೆದಕಿ. ಬೇರು ಸುತ್ತಲೂ ಹರಡಿದೆಯೇ, ಒಂದೇ ಕಡೆಗಿದೆಯೇ, ಕಾಂಡಕ್ಕೇ ಸುತ್ತಿಕೊಂಡು ಬಿಗಿದಿದೆಯೇ ನೋಡಿ. ಬುಡದ ಮೇಲೆ ಗಂಟಿನಂಥ ಗೆರೆ ಕಂಡು, ಕೆಳಗಿನ ತೊಗಟೆಯೇ ಬೇರೆ, ಮೇಲಿನದೇ ಬೇರೆ ಅನಿಸಿದರೆ ಅದು ಕಸಿ. ಆ ಗಾಯ ಬೋನ್ಸಾಯ್‌ನಲ್ಲಿ ಜನ್ಮಪೂರ್ತಿ ಕಾಣುತ್ತದೆ. ನೆಲಕ್ಕಿಳಿದ ಬೇರನ್ನು ಅವರೇ ಕತ್ತರಿಸಿ, ಗಿಡವನ್ನು ಒಂದು ತಿಂಗಳು ಅಲ್ಲೇ ನೆರಳಿನಲ್ಲಿ ಇಟ್ಟಿರಲಿ, ಚಿಗುರಿದ ಮೇಲೆ ಒಯ್ಯುತ್ತೇನೆ ಅಂತ ಮುಂಗಡ ಕೊಟ್ಟು ಬನ್ನಿ.

ಆಗಸ್ಟ್ 15 ಮತ್ತು ಜನವರಿ 26ರ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಕೊಳ್ಳಲು ಹೋಗುವುದಕ್ಕಿಂತ ಬೋನ್ಸಾಯ್ ಇಟ್ಟವರ ಪರಿಚಯಕ್ಕೆ ಹೋಗಿ. ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನೂ ಒಮ್ಮೆ ನೋಡಿ. ನಮ್ಮ ಹವೆಯಲ್ಲಿ ಯಾವ ಜಾತಿ ಹೇಗೆ ಬರುತ್ತದೆ ಅಂತ ಕಣ್ಣಾರೆ ಕಂಡ ಮೇಲೆ ಬೇಕಾದವುಗಳ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಜಪಾನಿನ ಮೇಪಲ್‌ಗೆ ಚಳಿಗಾಲದ ನಿದ್ದೆ ಬೇಕು, ಬೆಂಗಳೂರು ಅದನ್ನು ಕೊಡಲಾರದು. ಆ ದುಡ್ಡನ್ನು ಬೇರೆ ಗಿಡಕ್ಕೆ ಹಾಕಿ.

ನಮ್ಮ ರಾಜ್ಯದಲ್ಲಿ ಸಿಗದಿದ್ದರೆ ಆಂಧ್ರದ ಕಡಿಯಂ. ರಾಜಮಂಡ್ರಿ ಪಕ್ಕದ ಈ ಊರುಗಳಲ್ಲಿ ಕಣ್ಣು ಹಾಯಿಸಿದಷ್ಟೂ ನರ್ಸರಿ. ರೈಟಿಯಾ ರಿಲಿಜಿಯೋಸಾಗೆ ನಾನು ಮೊದಲು ವಿಚಾರಿಸುವುದು ಅಲ್ಲೇ. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರವೂ ರೈಟಿಯಾ ಕುಲದ್ದೇ, ಆದರೆ ಎಲೆ ದೊಡ್ಡದು, ಒಂದರ ಬದಲು ಇನ್ನೊಂದು ಕೊಳ್ಳಬೇಡಿ. ದೂರದಿಂದ ತರಿಸುವಾಗ ನಿಮಗೆ ಕಳಿಸುವ ಅದೇ ಗಿಡದ ಫೋಟೊ, ಬುಡದ ಫೋಟೊ ಬೇಕೇ ಬೇಕು ಅನ್ನಿ. ಜೂನ್‌ನಿಂದ ಆಗಸ್ಟ್‌ವರೆಗೆ ತರಿಸಿದರೆ ದಾರಿಯಲ್ಲಿ ಕಡಿಮೆ ಬಾಡುತ್ತದೆ. ಬಂದ ಗಿಡವನ್ನು ಬೇರೆ ಗಿಡಗಳಿಂದ ದೂರ ನೆರಳಿನಲ್ಲಿಟ್ಟು, ಎಲೆಯ ಹಿಂಬದಿಯಲ್ಲಿ ಹಿಟ್ಟುತಿಗಣೆ ಇದೆಯೇ ನೋಡಿ. ಹೊಸ ಚಿಗುರು ಬಲಿಯುವವರೆಗೆ ಕತ್ತರಿ, ಟೊಂಗೆ ಬಗ್ಗಿಸುವ ತಂತಿ ಮುಟ್ಟಬೇಡಿ.

ವಿದೇಶದಿಂದ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬೀಜಕ್ಕೂ ಅಷ್ಟೇ. ಸೂಟ್‌ಕೇಸಿನಲ್ಲಿ ಮುಚ್ಚಿ ತರುವ ಸಸಿಯ ಜೊತೆ ನಮ್ಮ ರೈತರ ಬೆಳೆಗೆ ಯಾವ ರೋಗ ಬರುತ್ತದೋ ಹೇಳಲಾಗದು. ನೀಲಿ ಮೇಪಲ್ ಬೀಜ ಅಂತ ಪೊಟ್ಟಣ ಮಾರುವವರಿಂದಂತೂ ದೂರವಿರಿ, ಅಂಥ ಗಿಡವೇ ಇಲ್ಲ.

ನನಗೆ ಸಂಕಟ ಕೊಡುವ ಒಂದು ಮೂಲ ಇದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನು ಕೆಡವುವಾಗ ದಶಕಗಳ ಕಾಲ ಸವರಿಸಿಕೊಂಡ ಕಾಮಿನಿ, ಮಾಲ್ಪೀಜಿಯಾ ಬೇಲಿಗಳು ಮಣ್ಣಿನ ಲಾರಿಗೆ ಹೋಗುತ್ತವೆ. ಮೊಳಕೈ ಗಾತ್ರದ ಬೊಡ್ಡೆಗಳು! ಹಳೇ ಮನೆಗೆ ತಗಡು ಕಟ್ಟಿದ್ದು ಕಂಡರೆ ಅವತ್ತೇ ಮಾಲೀಕರನ್ನೋ ಮೇಸ್ತ್ರಿಯನ್ನೋ ಕೇಳಿ. ಜೆಸಿಬಿ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ. ಸುತ್ತ ಗುಂಡಿ ತೋಡಿ, ದಪ್ಪ ಬೇರನ್ನು ಗರಗಸದಿಂದ ನೀಟಾಗಿ ಕೊಯ್ದು, ಮಣ್ಣಿನ ಹೆಂಟೆ ಸಮೇತ ಒದ್ದೆ ಗೋಣಿತಾಟಿನಲ್ಲಿ ಕಟ್ಟಿ ತನ್ನಿ. ಟೊಂಗೆ ಮೊಟಕು ಮಾಡಿ, ಆದರೆ ಕಾಮಿನಿಗೆ ಒಂದಿಷ್ಟು ಹಸಿರು ಉಳಿಸಿ.

ಯಾರದ್ದಾದರೂ ತೋಟದಲ್ಲಿ ಬೇಕಾದ ಮರ ಇದ್ದು ಗಿಡ ಕೊಡಲಾಗದಿದ್ದರೆ, ಒಂದು ಟೊಂಗೆಗೆ ಗೂಟಿ ಕಟ್ಟಲು, ಅಂದರೆ ಅದು ಮರದಲ್ಲಿರುವಾಗಲೇ ಬೇರು ಬರಿಸಿ ಆಮೇಲೆ ಕತ್ತರಿಸಿಕೊಳ್ಳಲು, ಅನುಮತಿ ಕೇಳಿ. ಟೊಂಗೆಯ ದಪ್ಪದ ಒಂದೂವರೆ ಪಟ್ಟು ಅಗಲಕ್ಕೆ ತೊಗಟೆ ಉಂಗುರವಾಗಿ ತೆಗೆದು, ಹಾಲು ಬರುವ ಜಾತಿಯಾದರೆ ಒರೆಸಿ, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿಯಿರಿ. ಮಳೆಗಾಲದಲ್ಲಿ ಫೈಕಸ್ ಜಾತಿಗಳಿಗೆ ಎರಡು ತಿಂಗಳೊಳಗೆ ಬೇರು ಕಾಣುತ್ತದೆ. ರೈಟಿಯಾ ರಿಲಿಜಿಯೋಸಾ ಇದ್ದವರು ಕುಂಡ ಬದಲಿಸುವ ದಿನ ಹೋಗಿ, ಕತ್ತರಿಸಿ ಬಿಸಾಡುವ ಬೇರಿನ ತುಂಡು ಕೇಳಿ. ತುದಿ ಸ್ವಲ್ಪ ಮೇಲಿರುವಂತೆ ನೆಟ್ಟರೆ ಅದೇ ಚಿಗುರುತ್ತದೆ.

ಸಿಕ್ಕ ಜಾತಿಯಿಂದ ಮೊದಲ ಮಳೆಗಾಲದಲ್ಲೇ ಎರಡು ಮೂರು ಕಡ್ಡಿ ನೆಟ್ಟು, ಬೇರು ಬಂದ ಒಂದನ್ನು ಬೇರೆ ಬೆಳೆಗಾರರ ಮನೆಯಲ್ಲಿ ಇಡಿ. ನಿಮ್ಮದು ಸತ್ತರೆ ಮತ್ತೆ ಅಲ್ಲಿಂದಲೇ ತರಬಹುದು. ಕುಂಡದ ಚೀಟಿಯಲ್ಲಿ ಹೆಸರಿನ ಜೊತೆಗೆ ಎಲ್ಲಿಂದ ಬಂತು, ಯಾವ ತಿಂಗಳು ಅನ್ನುವುದನ್ನೂ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಬಿಸಿಲಿಗೆ ಅಳಿಸಿ ಹೋಗುತ್ತದೆ.