ಮಾಗಿಯ ಚಳಿಗೆ ಒಂದು ಬಟ್ಟಲು ಹುರುಳಿಕಟ್ಟು

ಮೂರು ವರ್ಷಗಳ ಹಿಂದೆ, ದೀಪಾವಳಿ ಮುಗಿದ ಮೇಲೆ, ಮಾವನವರ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೂ ಕೀಳಿಸಬೇಕಾಯಿತು. ಹಲ್ಲಿನ ಸೆಟ್ ಕೂರಿಸಲು ವಸಡು ಒಣಗಬೇಕು, ಸಂಕ್ರಾಂತಿಯವರೆಗೆ ಕಾಯಿರಿ ಎಂದರು ವೈದ್ಯರು. ಜೋಳದ ರೊಟ್ಟಿ ಇಲ್ಲದೆ ರಾತ್ರಿಯ ಊಟವೇ ಇಲ್ಲ ಎನ್ನುವ ಮನುಷ್ಯ ಅವರು. ಮುದ್ದೆಯನ್ನು ನುಂಗಬಹುದಿತ್ತು, ಆದರೆ ರಾತ್ರಿ ಮುದ್ದೆ ಉಂಡರೆ ಹೊಟ್ಟೆ ಭಾರವಾಗುತ್ತದೆ ಎನ್ನುತ್ತಿದ್ದರು. ಚಿತ್ರದುರ್ಗದಲ್ಲಿ ನಮ್ಮ ಮನೆ ಇರುವುದು ಕೋಟೆಯ ತಪ್ಪಲಿನಲ್ಲಿ. ಹಗಲೆಲ್ಲ ಕಾದ ಬಂಡೆಗಳು ಇರುಳು ಬೆಳೆದಂತೆ ತಣ್ಣಗಾಗುತ್ತವೆ, ಮೂಡಗಾಳಿ ಹಂಚಿನ ಸಂದಿಯಲ್ಲಿ ನುಗ್ಗುತ್ತದೆ. ಡಿಸೆಂಬರ್ ಕೊನೆಗೆ ಬೆಳಗಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಚಳ್ಳಕೆರೆಯ ಕರಿಕಂಬಳಿ ಹೊದ್ದು ಕುಳಿತಿರುತ್ತಿದ್ದ ಅವರಿಗೆ ಬಿಸಿಯಾದದ್ದು, ಅಗಿಯಬೇಕಾಗಿಲ್ಲದ್ದು, ಹೊಟ್ಟೆಗೆ ಆಧಾರವಾಗುವಂಥದ್ದು ಏನಾದರೂ ಬೇಕಿತ್ತು.

ಮೊದಲ ದಿನ ಅಂಗಡಿಯಿಂದ ಸೂಪಿನ ಪುಡಿಯ ಪೊಟ್ಟಣ ತಂದು ಕುದಿಸಿ ಕೊಟ್ಟೆ. ಎರಡು ಚಮಚ ಕುಡಿದು ಬಟ್ಟಲನ್ನು ಕೆಳಗಿಟ್ಟು, "ಏನವ್ವಾ, ಇದಕ್ಕೆ ಬಟ್ಟೆಗೆ ಹಾಕುವ ಗಂಜಿ ಹಾಕಿದ್ದೀಯೇನು?" ಎಂದರು. ಪೊಟ್ಟಣದ ಹಿಂಬದಿಯನ್ನು ಓದಿದೆ. ಮೊದಲಿಗೇ ಮೆಕ್ಕೆಜೋಳದ ಪಿಷ್ಟ, ಆಮೇಲೆ ಸಕ್ಕರೆ, ಉಪ್ಪು. ತರಕಾರಿಯ ಹೆಸರು ಬಹಳ ಕೆಳಗಿತ್ತು. ಮಾವನವರ ನಾಲಿಗೆ ಸುಳ್ಳು ಹೇಳಿರಲಿಲ್ಲ.

ಮರುದಿನ ನಾನೇ ಮಾಡಲು ಹೋದೆ. ಟೊಮೇಟೊ ಬೇಯಿಸಿ, ರುಬ್ಬಿ, ಕುದಿಯುತ್ತಿರುವಾಗಲೇ ಹಾಲು ಸುರಿದೆ. ಹುಳಿ ತಾಗಿದ ಹಾಲು ಒಡೆದು ಪಾತ್ರೆಯ ತುಂಬ ಮೊಸರಿನಂಥ ಚೂರುಗಳು ತೇಲಿದವು. ಒಲೆಯ ಮುಂದೆ ಪೆಚ್ಚಾಗಿ ನಿಂತಿದ್ದ ನನಗೆ ಅತ್ತೆ ಹೇಳಿದ್ದು ಒಂದೇ ಮಾತು: "ಹುರುಳಿ ಬೇಯಿಸಿದ ದಿನ ಕಟ್ಟನ್ನೆಲ್ಲ ಸಾರಿಗೆ ಸುರಿಯುತ್ತೀಯಲ್ಲ, ಅದಕ್ಕೂ ಮೊದಲು ಒಂದು ಚೆಂಬು ಎತ್ತಿಡು. ಅದಕ್ಕಿಂತ ಬೇರೆ ಸೂಪು ಬೇಕೆ?"

ಅಂದಿನಿಂದ ನಾನು ಮಾಡುವ ಎಲ್ಲ ಸೂಪುಗಳೂ ಆ ಮಾತಿನ ಹಿಂದೆಯೇ ಬಂದಿವೆ. ಸೂಪು ಮಂದವಾಗಬೇಕಾದರೆ ಬೆಂದ ಪದಾರ್ಥದ ಸತ್ವದಿಂದಲೇ ಆಗಬೇಕು, ಹೊರಗಿನಿಂದ ಕದಡಿ ಸುರಿದ ಪಿಷ್ಟದಿಂದಲ್ಲ.

ಹುರುಳಿಕಟ್ಟನ್ನು ನಾನು ಹೀಗೆ ತೆಗೆಯುತ್ತೇನೆ. 200 ಗ್ರಾಂ ಹುರುಳಿಯನ್ನು ಮೊರದಲ್ಲಿ ಹರಡಿಕೊಂಡು ಕಲ್ಲು ಆರಿಸುತ್ತೇನೆ. ಹುರುಳಿಯ ಬಣ್ಣದ್ದೇ ಕಲ್ಲುಗಳು ಅದರಲ್ಲಿ ಸೇರಿರುತ್ತವೆ, ಹೀಗಾಗಿ ಈ ಕೆಲಸಕ್ಕೆ ಹಗಲಿನ ಬೆಳಕೇ ಬೇಕು. ನೀರು ತಿಳಿಯಾಗುವವರೆಗೆ ತೊಳೆದು ರಾತ್ರಿಯಿಡೀ ನೆನೆಹಾಕುತ್ತೇನೆ. ಬೆಳಿಗ್ಗೆ ಒಂದೂವರೆ ಲೀಟರ್ ಹೊಸ ನೀರು ಹಾಕಿ, ದೊಡ್ಡ ಕುಕ್ಕರಿನಲ್ಲಿ ಏಳು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆವಿ ತಾನಾಗಿ ಇಳಿದ ಮೇಲೆ ಬಸಿದರೆ ಕಾಫಿ ಬಣ್ಣದ ಕಟ್ಟು ಸಿಗುತ್ತದೆ. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಒರಳಿನಲ್ಲಿ ನುಣ್ಣಗೆ ಅರೆದು ಅದಕ್ಕೇ ಸೇರಿಸುತ್ತೇನೆ. ಮಂದ ಬರುವುದು ಇದರಿಂದಲೇ. ಉಳಿದ ಕಾಳಿಗೆ ಈರುಳ್ಳಿ, ತೆಂಗಿನತುರಿ ಹಾಕಿದರೆ ಮಧ್ಯಾಹ್ನಕ್ಕೆ ಪಲ್ಯವಾಯಿತು.

ಮೊದಮೊದಲು ಹನ್ನೆರಡು ಕೂಗು ಕೂಗಿಸಿದರೂ ಕಾಳು ಹಲ್ಲಿಗೆ ಕಲ್ಲಿನಂತೆ ಸಿಗುತ್ತಿತ್ತು. ಹಳೆಯ ಹುರುಳಿ ಎಂದು ಅಂಗಡಿಯವರನ್ನು ದೂರಿದ್ದೆ. ತಪ್ಪು ನೀರಿನದು. ನಮ್ಮ ಓಣಿಯ ಕೊಳವೆಬಾವಿಯ ನೀರು ಬಲು ಗಡಸು, ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ಆ ಸುಣ್ಣದ ಅಂಶವೇ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸಿ ಬೇಯಲು ಬಿಡುವುದಿಲ್ಲ. ಈಗ ನೆನೆಹಾಕುವುದಕ್ಕೂ ಬೇಯಿಸುವುದಕ್ಕೂ ನಲ್ಲಿಯಲ್ಲಿ ಬರುವ ಕೆರೆಯ ನೀರನ್ನೇ ಹಿಡಿದಿಟ್ಟುಕೊಳ್ಳುತ್ತೇನೆ. ಹುಣಸೆಹಣ್ಣು, ಟೊಮೇಟೊಗಳ ಹುಳಿಯೂ ಕಾಳನ್ನು ಹಾಗೆಯೇ ಬಿಗಿಮಾಡುತ್ತದೆ, ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲಷ್ಟೇ ಹುಳಿ. ಈ ಎರಡು ವಿಷಯ ತಿಳಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು.

ಒಗ್ಗರಣೆಗೆ ತುಪ್ಪ, ಜೀರಿಗೆ, ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿ, ಕರಿಬೇವು, ಒಂದು ಬ್ಯಾಡಗಿ ಮೆಣಸಿನಕಾಯಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದ ಕ್ಷಣದಲ್ಲೇ ಕಟ್ಟು ಸುರಿಯಬೇಕು, ಕಂದು ಬಣ್ಣಕ್ಕೆ ಹೋಯಿತೆಂದರೆ ಕಹಿ. ನೆಲ್ಲಿಕಾಯಿಯ ಅರ್ಧದಷ್ಟು ಹುಣಸೆಹಣ್ಣಿನ ರಸ, ಉಪ್ಪು ಹಾಕಿ ಒಂದು ಕುದಿ ಬಂದ ಕೂಡಲೇ ಇಳಿಸುತ್ತೇನೆ. ಕಾಳುಮೆಣಸನ್ನು ಮಾತ್ರ ಇಳಿಸಿದ ಮೇಲೆ ತರಿತರಿಯಾಗಿ ಕುಟ್ಟಿ ಹಾಕುತ್ತೇನೆ. ಕುದಿಯುವಾಗ ಹಾಕಿದರೆ ಅದರ ಘಮವೆಲ್ಲ ಅಡುಗೆಮನೆಗೆ ಹೋಗುತ್ತದೆ, ಬಟ್ಟಲಿನಲ್ಲಿ ಬರೀ ಖಾರ ಉಳಿಯುತ್ತದೆ. ಮೊದಲ ದಿನ ಮಾವನವರು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ಹಬೆಯನ್ನು ಮುಖಕ್ಕೆ ತಾಗಿಸಿಕೊಂಡು, ಮಾತಿಲ್ಲದೆ ಕುಡಿದು ಮುಗಿಸಿದರು. ಬಟ್ಟಲನ್ನು ಮತ್ತೆ ನನ್ನ ಕಡೆಗೆ ಚಾಚಿದಾಗ ನನಗಾದ ಸಂತೋಷ ಸಣ್ಣದಲ್ಲ. ಉಳಿದ ಕಟ್ಟನ್ನು ಮರುದಿನ ಕಾಯಿಸಿದರೆ ರುಚಿ ಇನ್ನೂ ಹೆಚ್ಚು.

ದಿನವೂ ಹುರುಳಿಯಾದರೆ ಉಷ್ಣ ಎಂದು ಅತ್ತೆ ತಡೆದರು. ಹಾಗಾಗಿ ನಡುನಡುವೆ ಈರುಳ್ಳಿ. ನಮ್ಮ ಜಿಲ್ಲೆಯಲ್ಲಿ ಈರುಳ್ಳಿಗೇನು ಬರವಿಲ್ಲ. ಬೆಲೆ ಬಿದ್ದ ವರ್ಷ ರೈತರು ಅದನ್ನು ರಸ್ತೆಬದಿಗೆ ಸುರಿದು ಹೋಗಿದ್ದನ್ನು ಕಂಡಿದ್ದೇನೆ. ಆ ದೃಶ್ಯ ಕಂಡ ಮೇಲೆ ಈರುಳ್ಳಿಯ ಒಂದು ಪದರವನ್ನೂ ಬಿಸಾಡಲು ಮನಸ್ಸಾಗುವುದಿಲ್ಲ. ಅರ್ಧ ಕಿಲೋ ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ, ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಇಟ್ಟುಬಿಡುತ್ತೇನೆ. ಮೊದಲು ನೀರು ಬಿಡುತ್ತದೆ, ಆ ನೀರು ಇಂಗುತ್ತದೆ, ಆಮೇಲೆ ನಿಧಾನವಾಗಿ ಬಣ್ಣ ಏರುತ್ತದೆ. ಬೆಲ್ಲದ ಬಣ್ಣಕ್ಕೆ ಬರಲು ಕಡಿಮೆಯೆಂದರೂ ನಲವತ್ತು ನಿಮಿಷ ಬೇಕು. ಅವಸರಕ್ಕೆ ಉರಿ ಹೆಚ್ಚಿಸಿದರೆ ಅಂಚು ಸೀಯುತ್ತದೆ, ಒಳಗಿನ ಸಿಹಿ ಹೊರಗೆ ಬರುವುದೇ ಇಲ್ಲ. ಬಾಣಲೆಯ ತಳಕ್ಕೆ ಹಿಡಿದ ಕಂದು ಪದರವನ್ನು ಬಿಸಿನೀರು ಚಿಮುಕಿಸಿ ಕೆರೆದು ಸೇರಿಸಬೇಕು, ಅರ್ಧ ರುಚಿ ಅದರಲ್ಲೇ ಇದೆ.

ಇದಕ್ಕೆ ಕೆನೆಯ ಬದಲು ಶೇಂಗಾ ಹಾಕುತ್ತೇನೆ. ಚಳ್ಳಕೆರೆ ಸೀಮೆಯ ಶೇಂಗಾ ನಮ್ಮ ಮನೆಯಲ್ಲಿ ಡಬ್ಬಿ ತುಂಬ ಇರುತ್ತದೆ. ಒಂದು ಹಿಡಿಯನ್ನು ಮೂರು ಗಂಟೆ ನೆನೆಸಿ, ಸಿಪ್ಪೆ ತೆಗೆದು, ಬೆಣ್ಣೆಯಷ್ಟು ನುಣ್ಣಗೆ ರುಬ್ಬಿ, ಒಂದು ಸೌಟು ಬಿಸಿ ಸೂಪಿನಲ್ಲಿ ಕದಡಿಕೊಂಡು ಆಮೇಲೆ ಪಾತ್ರೆಗೆ ಬೆರೆಸಿ, ಹಸಿವಾಸನೆ ಹೋಗುವವರೆಗೆ ಕುದಿಸುತ್ತೇನೆ. ಟೊಮೇಟೊ ಸೂಪಿಗೂ ಈಗ ಇದೇ. ಹಾಲಿನಂತೆ ಚೂರುಚೂರಾಗಿ ಒಡೆದದ್ದು ಇದುವರೆಗೆ ಒಮ್ಮೆಯೂ ಇಲ್ಲ.

ದಾವಣಗೆರೆಯಲ್ಲಿರುವ ನನ್ನ ತಂಗಿಗೆ ಮೆಕ್ಕೆಜೋಳದ ಮೇಲೆ ಒಲವು. ಆ ಕಡೆ ಸುಗ್ಗಿಯಲ್ಲಿ ರಸ್ತೆಗಳ ಮೇಲೆಲ್ಲ ಮೆಕ್ಕೆಜೋಳ ಒಣಗಲು ಹರಡಿರುತ್ತದೆ. ಅವಳು ಹೇಳಿಕೊಟ್ಟದ್ದು ಬೆಂಡಿನ ಗುಟ್ಟು. ಹಸಿ ತೆನೆಯ ಕಾಳು ಬಿಡಿಸಿಕೊಂಡ ಮೇಲೆ ನಾವು ದನಕ್ಕೆ ಹಾಕುವ ಬೆಂಡನ್ನೇ ತುಂಡು ಮಾಡಿ, ಶುಂಠಿಯ ಚೂರಿನ ಜೊತೆ ಮುಕ್ಕಾಲು ಗಂಟೆ ಕುದಿಸಿದರೆ ಸಿಹಿಯಾದ ತಿಳಿ ಸಿಗುತ್ತದೆ. ಆ ತಿಳಿಯಲ್ಲೇ ಕಾಳು ಬೇಯಿಸಿ, ಅರ್ಧವನ್ನು ರುಬ್ಬಿ ಸೇರಿಸಿದರೆ ಸಾಕು.

ರಾಗಿ ಹಿಟ್ಟು ಹಾಕುವವರಿಗೆ ಒಂದು ಮಾತು. ನಾನೂ ಹಾಕುತ್ತೇನೆ, ನೆಗಡಿಯಾದ ಮಕ್ಕಳಿಗೆ, ನುಗ್ಗೆಸೊಪ್ಪಿನ ತಿಳಿಗೆ, ಅದೂ ಒಂದೇ ಚಮಚ. ಹಿಟ್ಟನ್ನು ಹುರಿದು, ತಣ್ಣೀರಿನಲ್ಲಿ ಕದಡಿಯೇ ಹಾಕಬೇಕು. ಕುದಿಯುವ ನೀರಿಗೆ ಒಣ ಹಿಟ್ಟು ಬಿದ್ದರೆ ಹೊರಪದರ ಕೂಡಲೇ ಬೆಂದು, ಒಳಗಿನ ಹಿಟ್ಟು ಒಣಗಿದಂತೆಯೇ ಉಳಿದು ಗಂಟುಕಟ್ಟುತ್ತದೆ.

ಆ ಸಂಕ್ರಾಂತಿಯ ಹೊತ್ತಿಗೆ ಹಲ್ಲಿನ ಸೆಟ್ ಬಂತು, ರೊಟ್ಟಿಯೂ ತಟ್ಟೆಗೆ ಮರಳಿತು. ಆದರೆ ಮಾವನವರು ಈಗ ರೊಟ್ಟಿಯನ್ನು ಕಟ್ಟಿನ ಬಟ್ಟಲಿನಲ್ಲಿ ಮುರಿದು ನೆನೆಸಿಕೊಂಡೇ ಉಣ್ಣುತ್ತಾರೆ. ಈ ವಾರ ಊರಿನಿಂದ ಹೊಸ ಹುರುಳಿ ಬಂದಿದೆ. ಹೊಸ ಕಾಳು ಬೇಗ ಬೇಯುತ್ತದೆ, ಐದು ಕೂಗಿಗೇ ಹಿಟ್ಟಿನಂತಾಯಿತು. ಕಟ್ಟಿನ ಬಣ್ಣ ಹಳೆಯದಕ್ಕಿಂತ ತಿಳಿ, ರುಚಿ ಮಾತ್ರ ಒಂದು ಗುಲಗಂಜಿ ಹೆಚ್ಚು ಸಿಹಿ. ನಿನ್ನೆ ರಾತ್ರಿ ಹುಣಸೆರಸ ಹಾಕುವ ಮೊದಲೇ ಅತ್ತೆ ಅರ್ಧ ಲೋಟ ಬಗ್ಗಿಸಿಕೊಂಡು ಕುಡಿದುಬಿಟ್ಟರು.